ಮೇಲ್ ಸರ್ವರಿಗೆ ಖಂಡೆ ಪೂಜೆ

ಪುಸ್ತಕ ಬಿಚ್ಚಿದ ಕೂಡಲೇ ಒಣಗಿದ ಬನ್ನಿಯ ಎಸಳೊಂದು ನನ್ನ ತೊಡೆಯ ಮೇಲೆ ಉದುರಿತು. ಅದರ ಹಿಂದೆಯೇ ವಾಸನೆ ಬಂತು. ಕುಂಕುಮ, ಯಂತ್ರದ ಎಣ್ಣೆ, ಸುಟ್ಟ ವಾಯರು, ಮೂರೂ ಕೂಡಿದ ವಾಸನೆ. ಅಂಥ ವಾಸನೆ ಇದ್ದವರು ನನಗೆ ಗೊತ್ತಿದ್ದ ಹಾಗೆ ಒಬ್ಬರೇ.

ಹೋದ ವಾರದ ಮಾತಿದು. ಜಮಖಂಡಿಯ ನಮ್ಮ ಮನೆಗೆ ನಡುವಯಸ್ಸಿನವರೊಬ್ಬರು ಬಂದು, "ನಾ ವಾಯರ್‌ಮನ್ನರ ಮಗಾ ರೀ, ರಬಕವಿಯಿಂದ ಬಂದೇನಿ" ಎಂದರು. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಮೊನ್ನೆ ಮನೆಯ ವಾಯರಿಂಗ್ ಬದಲಿಸುವಾಗ ಮೀಟರ್ ಬೋರ್ಡಿನ ಹಿಂದಿನ ಗೂಡಿನಲ್ಲಿ ಈ ಪುಸ್ತಕ ಸಿಕ್ಕಿದೆ. "ಕಂಪನಿ ಪುಸ್ತಕ ಐತ್ರಿ. ಆದ್ರ ಒಳಗ ಕಂಪ್ಯೂಟರ್ ತಂಗಿ, ಕಂಪ್ಯೂಟರ್ ತಂಗಿ ಅಂತ ಬರದಾರ. ಆಗ ಕಂಪ್ಯೂಟರ್ ನೋಡತಿದ್ದವರು ನೀವ ಅಂತ ಕಂಪನ್ಯಾಗ ಹೇಳಿದ್ರು. ಅದು ನೀವ ಅಲ್ಲೇನ್ರಿ?"

ನಾನೇ. ಆ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವರು ವಾಯರ್‌ಮನ್ ಕಾಕಾ ಒಬ್ಬರೇ. ಉಳಿದವರಿಗೆಲ್ಲ ನಾನು ಮೇಡಂ. ಬಂದವರಿಗೆ ಚಹಾ ತರುತ್ತೇನೆಂದು ಒಳಗೆ ಹೋದವಳು ಒಲೆ ಹಚ್ಚುವುದನ್ನೂ ಮರೆತು ನಿಂತುಬಿಟ್ಟೆ...

ಬನಹಟ್ಟಿಯ ಒಂದು ಸೀರೆ ಕಂಪನಿಯಲ್ಲಿ ಆಗ ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಇಪ್ಪತ್ತಾರರ ವಯಸ್ಸು, ಮೂಗಿನ ತುದಿಯಲ್ಲಿ ಸಿಟ್ಟು. ದಿನಾ ಜಮಖಂಡಿಯಿಂದ ಬಸ್ಸಿಗೆ ಹೋಗಿ ಬರುತ್ತಿದ್ದೆ. ಕಾಕಾ ರಬಕವಿಯಿಂದ ಸೈಕಲ್ಲಿನ ಮೇಲೆ ಬರುವವರು. ಮಗ್ಗದ ಶೆಡ್ಡುಗಳಿಗೂ ಆಫೀಸಿಗೂ ಕರೆಂಟು ಹರಿಯುವ ಮೇನ್ ಖೋಲಿ ಮೂವತ್ತು ವರ್ಷದಿಂದ ಅವರ ಸುಪರ್ದಿ. ಅದರ ಕೀಲಿಕೈ ಅವರ ಉಡದಾರಕ್ಕೆ ಕಟ್ಟಿರುತ್ತಿತ್ತು. ಖುದ್ದು ಮಾಲಕರು ಬಂದರೂ ಕಾಕಾರನ್ನು ಕೇಳಿಯೇ ಆ ಖೋಲಿಯೊಳಗೆ ಕಾಲಿಡಬೇಕು. ದಿನಕ್ಕೆ ಮೂರು ಸುತ್ತು ಹಾಕಿ, ಯಾವ ಮೋಟಾರು ಬಿಸಿಯಾಗಿದೆ, ಯಾವ ದೀಪ ಹತ್ತಿದೆ ಎಂದು ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಮಗಳ ಮದುವೆಯ ದಿನವೂ ಅಕ್ಷತೆ ಬಿದ್ದ ಮೇಲೆ ಸೈಕಲ್ ಹತ್ತಿ ಬಂದು ಬರೆದು ಹೋಗಿದ್ದರೆಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಂಪನಿ ಆ ಹೊತ್ತಿಗೆ ದೊಡ್ಡದಾಗಿತ್ತು. ಸೊಲ್ಲಾಪುರ, ಪುಣೆ, ಹೈದರಾಬಾದಿನ ವ್ಯಾಪಾರಿಗಳ ಜೊತೆ ಎಲ್ಲ ವ್ಯವಹಾರ ಇ-ಮೇಲಿನಲ್ಲೇ. ಸೆರಗಿನ ನಮೂನೆ, ಅಂಚಿನ ಬಣ್ಣ, ಒಪ್ಪಿಗೆ, ತಕರಾರು... ನಲವತ್ತು ಜನರ ಮೂರು ವರ್ಷದ ಪತ್ರಗಳು ನನ್ನ ಖೋಲಿಯ ಒಂದು ಕರಿ ಪೆಟ್ಟಿಗೆಯಲ್ಲಿದ್ದವು. ಅದೇ ಮೇಲ್ ಸರ್ವರ್. ಪಕ್ಕದಲ್ಲಿ ಒಂದು ಟೇಪಿನ ಡಬ್ಬಿ. ದಿನಾ ಸಂಜೆ ಎಲ್ಲ ಪತ್ರಗಳ ನಕಲು ಟೇಪಿಗೆ ಇಳಿಯಬೇಕು. ಇಳಿಯಿತೋ ಇಲ್ಲವೋ ನೋಡುವುದು ನನ್ನ ಕೆಲಸ.

ದಸರೆಗೆ ಒಂದು ತಿಂಗಳು ಮೊದಲು ಕಾಕಾ ನನ್ನ ಬಾಗಿಲಲ್ಲಿ ಬಂದು ನಿಂತರು.

"ತಂಗೀ, ನಿನ್ನ ಟೇಪಿನ ಡಬ್ಬಿಗೆ ಹಳದಿ ದೀಪಾ ಹತ್ತೇತಿ ನೋಡು."

"ನೋಡ್ತೀನಿ ಕಾಕಾ" ಎಂದೆ. ತಲೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಬಂದರು. "ಹಸರ ಇದ್ದದ್ದು ಹಳದಿ ಆಗೇತಿ ಅಂದ್ರ ಏನರ ಹೇಳಾಕತ್ತೇತಿ ಅದು."

"ಕಾಕಾ, ಅದು ಮೋಟಾರ್ ಅಲ್ಲರಿ, ಕಂಪ್ಯೂಟರ್. ನನಗ ಬಿಡ್ರಿ ಅದನ್ನ."

ಎಷ್ಟು ಸೊಕ್ಕು ನನಗೆ! ಆ ದೀಪ ಹೇಳುತ್ತಿದ್ದದ್ದು ಇಷ್ಟೇ: ಡಬ್ಬಿಯೊಳಗೆ ಧೂಳು ಕೂತಿದೆ, ನಕಲು ಇಳಿಯುತ್ತಿಲ್ಲ, ಒರೆಸು. ನಾನು ಒರೆಸಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೊಂದನ್ನು ಮಾಡಿದೆ. ಸರ್ವರ್ ಪ್ರತಿ ಪತ್ರವನ್ನೂ ಮೊದಲು ಒಂದು ಕಚ್ಚಾ ಪುಸ್ತಕದಲ್ಲಿ ಗೀಚಿಕೊಂಡು, ಆಮೇಲೆ ಪಕ್ಕಾ ಪುಸ್ತಕಕ್ಕೆ ಏರಿಸುತ್ತದೆ. ಟೇಪಿಗೆ ನಕಲು ಇಳಿದ ಮೇಲೆ ಕಚ್ಚಾ ಹಾಳೆಗಳನ್ನು ತಾನೇ ಹರಿದು ಹಾಕುತ್ತದೆ. ನಕಲು ಇಳಿಯದೆ ಆ ಹಾಳೆಗಳು ಗುಡ್ಡೆ ಬಿದ್ದು ಜಾಗ ತುಂಬಿತು. ಜಾಗ ಮಾಡಲು ನಾನೇ ಕೈಯಾರೆ ಅವನ್ನೆಲ್ಲ ಅಳಿಸಿ ಹಾಕಿ, ಕೈ ಝಾಡಿಸಿ ಬಸ್ಸಿಗೆ ಹೋದೆ. ಕರೆಂಟು ಒಮ್ಮೆಲೇ ಹೋದರೆ ಅರ್ಧಕ್ಕೆ ನಿಂತ ಬರಹವನ್ನು ಸರಿಮಾಡಿಕೊಳ್ಳಲು ಸರ್ವರಿಗೆ ಆ ಕಚ್ಚಾ ಹಾಳೆಗಳೇ ಆಧಾರ ಎಂಬುದು ಓದಿ ಗೊತ್ತಿತ್ತು. ಆದರೆ ಯುಪಿಎಸ್ ಇದೆಯಲ್ಲ, ಕರೆಂಟು ಹೇಗೆ ಹೋದೀತು ಎಂದುಕೊಂಡೆ.

ನಮ್ಮ ಕಡೆ ಮಗ್ಗದವರಿಗೆ ನವಮಿಯ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಯಂತ್ರಗಳ ಹಬ್ಬ. ಆ ದಿನ ಮಧ್ಯಾಹ್ನ ಕಾಕಾ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಒಂದೊಂದೇ ಬೋರ್ಡು ಆರಿಸುತ್ತಿದ್ದರು. ವರ್ಷವೆಲ್ಲ ಖಟಖಟ ಅನ್ನುವ ಮಗ್ಗಗಳು ಸುಮ್ಮನಾಗುತ್ತಿದ್ದವು. ಕಡೆಗೆ ಮೇನ್ ಇಳಿಸಿ, ಎಲ್ಲದಕ್ಕೂ ವಿಭೂತಿ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಮರುದಿನ ದಶಮಿಗೆ ಪೂರ್ತಿ ಸೂಟಿ. ಏಕಾದಶಿ ಮುಂಜಾನೆ ಮೇನ್ ಎತ್ತುವವರೂ ಅವರೇ. ಆ ಗೌರವ ಕಂಪನಿಯಲ್ಲಿ ಮತ್ತ್ಯಾರಿಗೂ ಇರಲಿಲ್ಲ.

ಆ ವರ್ಷ ನಾನು ಮನೆಯ ಪೂಜೆಗೆಂದು ಬೇಗ ಹೊರಟುಬಿಟ್ಟಿದ್ದೆ. ಸರ್ವರ್ ಹೊಸ ಖೋಲಿಗೆ, ಹೊಸ ಯುಪಿಎಸ್ಸಿಗೆ ಬಂದ ಮೇಲೆ ಅದು ಮೊದಲ ದಸರೆ. ಆ ಖೋಲಿಯ ಕರೆಂಟು ತೆಗೆಯಬೇಡಿ ಎಂದು ಹೇಳಲು ನನಗೆ ನೆನಪಾಗಲಿಲ್ಲ. ಕಾಕಾ ಮೇನ್ ಇಳಿಸಿದ ಮೇಲೂ ನನ್ನ ಖೋಲಿಯಲ್ಲಿ ಯುಪಿಎಸ್ ಕುಂಯ್ ಕುಂಯ್ ಎನ್ನುತ್ತಿತ್ತಂತೆ. ಎಲ್ಲಾ ಯಂತ್ರಗಳೂ ಮಲಗಿರುವಾಗ ಈ ಪಾಪದ್ದೊಂದೇ ಯಾಕೆ ಎಚ್ಚರವಿರಬೇಕು ಎಂದು ಅದನ್ನೂ ಆರಿಸಿ ಮಾಲೆ ಹಾಕಿದರು.

ಮರುದಿನ ದಶಮಿ ಮುಂಜಾನೆ, ಇಚಲಕರಂಜಿಗೆ ಹೋಗಿದ್ದ ಮಾರಾಟ ವಿಭಾಗದವರೊಬ್ಬರು ಮೇಲ್ ಬರುತ್ತಿಲ್ಲವೆಂದು ಫೋನ್ ಮಾಡಿದರು. ಬೈದುಕೊಳ್ಳುತ್ತ ಬಸ್ಸು ಹತ್ತಿ ಬಂದೆ. ಸೂಟಿಯ ದಿನವೂ ಸುತ್ತು ಹಾಕಲು ಬಂದಿದ್ದ ಕಾಕಾ ಗೇಟಿನಲ್ಲೇ ಸಿಕ್ಕು, ಕೈತುಂಬ ಬನ್ನಿ ಹಿಡಿದುಕೊಂಡು, "ಬಂಗಾರ ತಗೋ ತಂಗೀ, ಬಂಗಾರದಂಗ ಇರೂಣು" ಎಂದರು. ನಾನು ಬನ್ನಿ ತಂದಿರಲಿಲ್ಲ. ಅವರ ಕೈಯಲ್ಲಿದ್ದುದರಲ್ಲೇ ಒಂದು ಎಸಳು ಮುರಿದು ಅವರಿಗೆ ಕೊಟ್ಟೆ. ನಕ್ಕು ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ಒಳಗೆ ಹೋಗಿ ನೋಡಿದರೆ ಯುಪಿಎಸ್ಸಿಗೆ ಹೂಮಾಲೆ! ಆಫೀಸಿನ ಮಟ್ಟಿಗೆ ಕರೆಂಟು ಕೊಡಿಸಿ ಸರ್ವರ್ ಶುರು ಮಾಡಿದೆ. ಪೆಟ್ಟಿಗೆ ಎದ್ದಿತು. ಪತ್ರಗಳು ಏಳಲಿಲ್ಲ. ಡೇಟಾಬೇಸ್ ಕೆಟ್ಟಿದೆ, ಬೇಕಾದ ಹಾಳೆಗಳು ಇಲ್ಲ ಎಂದು ಪರದೆಯ ಮೇಲೆ ಬರುತ್ತಿತ್ತು. ಟೇಪು ಹಾಕಿ ನೋಡಿದೆ. ಒಂದು ತಿಂಗಳಿಂದ ಅದರಲ್ಲಿ ಏನೂ ಇಳಿದಿರಲಿಲ್ಲ, ಅದಕ್ಕೂ ಹಿಂದಿನದು ಓದಲು ಬರಲಿಲ್ಲ. ನೌಕರಿ ಹೋಯಿತೆಂದೇ ತಿಳಿದೆ.

ಕಾಕಾ ಬಾಗಿಲಲ್ಲೇ ನಿಂತಿದ್ದರು. "ನಾ ಏನರ ಕೆಡಿಸಿದ್ನೇನ ತಂಗೀ?"

ಆಗ ನಾನು ಹೇಳಬೇಕಾಗಿದ್ದ ಮಾತು ಬೇರೆ. ಹೇಳಿದ್ದು, "ಹಿಂಗ ಒಮ್ಮಿಗೇ ಬಂದ್ ಮಾಡಬಾರದಿತ್ರಿ ಕಾಕಾ." ಸುಳ್ಳಲ್ಲ. ಆದರೆ ಅರ್ಧ ನಿಜ. ಅವರ ಮುಖ ಇಳಿದುಹೋಯಿತು.

ಕೆಟ್ಟ ಡೇಟಾಬೇಸ್ ರಿಪೇರಿ ಮಾಡುವ ಒಂದು ಆಜ್ಞೆ ಇತ್ತು. ಓದಲು ಬರುವ ಪುಟ ಇಟ್ಟುಕೊಂಡು, ಬಾರದ ಪುಟಗಳನ್ನು ಕಿತ್ತು ಎಸೆಯುವ ಒರಟು ಕೆಲಸ. ಗಡಿಬಿಡಿಯಲ್ಲಿ ಅದನ್ನೇ ಒತ್ತಲು ಹೊರಟಿದ್ದೆ.

"ಬಿಚ್ಚೂಕಿಂತ ಮೊದಲ ಹೆಂಗಿತ್ತು ಅಂತ ಬರಕೊಂಡಿಯೇನ?" ಎಂದರು ಕಾಕಾ. ಸುಟ್ಟ ಮೋಟಾರು ಬಂದರೆ ಅವರು ಹಳೆಯ ತಂತಿ ಕೀಳುವ ಮೊದಲು ಸುತ್ತುಗಳನ್ನು ಎಣಿಸಿ ಚಿತ್ರ ತೆಗೆದಿಟ್ಟುಕೊಳ್ಳುತ್ತಿದ್ದರು. "ಸುಟ್ಟದ್ದ ಆದ್ರೂ ಇರಲಿ. ಕಿತ್ತ ಮ್ಯಾಲ ಯಾರನ್ನ ಕೇಳ್ತಿ?"

ಗುಂಡಿಯ ಮೇಲಿನ ಬೆರಳು ತೆಗೆದೆ. ಕೆಟ್ಟ ಕಡತವನ್ನು ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಆ ನಕಲಿನ ಮೇಲೆ ರಿಪೇರಿ ಓಡಿಸಿದೆ. ಸಂಜೆಯ ಹೊತ್ತಿಗೆ ಮುಗಿಯಿತು. ನಲವತ್ತು ಹೆಸರುಗಳೂ ಬಂದವು, ಆದರೆ ಎಷ್ಟೋ ಹೆಸರುಗಳ ಕೆಳಗೆ ಪತ್ರಗಳೇ ಇಲ್ಲ. ನಮೂನೆ ವಿಭಾಗದವರದು ಹೆಸರು ಬಿಟ್ಟರೆ ಏನೂ ಇಲ್ಲ. ಅಸಲು ನಮ್ಮ ಬಳಿ ಇರದಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಇದ್ದುದರಿಂದ ಇನ್ನೊಂದು ಬಗೆಯಲ್ಲಿ ಮತ್ತೆ ಓಡಿಸಿದೆ, ಅರ್ಧದಷ್ಟು ಉಳಿದವು.

ಉಳಿದರ್ಧಕ್ಕೆ ಒಂದೇ ದಾರಿ. ಪ್ರತಿಯೊಬ್ಬರ ಮೇಜಿನ ಕಂಪ್ಯೂಟರಿನಲ್ಲೂ ಅವರವರ ಪತ್ರಗಳ ಒಂದು ಪ್ರತಿ ಇತ್ತು. ಆದರೆ ಆ ಕಂಪ್ಯೂಟರ್ ಶುರುವಾಗಿ ರಿಪೇರಿಯಾದ ಈ ಅರೆಖಾಲಿ ಸರ್ವರನ್ನು ಕಂಡಿತೋ, ಹಳೆಯ ಪ್ರತಿ ಮತ್ತೆ ತೆರೆಯುವುದಿಲ್ಲ. ಯಾರೂ ಗುಂಡಿ ಒತ್ತುವ ಮೊದಲು ನಾನು ಹೋಗಿ ಅದನ್ನು ತೆಗೆದುಕೊಳ್ಳಬೇಕು. ಮರುದಿನ ಹತ್ತಕ್ಕೆ ನಲವತ್ತು ಜನ ಬರುವವರು. ನಮ್ಮ ಮ್ಯಾನೇಜರ್ ಸಾಹೇಬರಂತೂ ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಹಚ್ಚುವವರು. ಹೇಳಿದರೆ ಕೇಳುವ ಪೈಕಿ ಅಲ್ಲ.

ಕಾಕಾ ಎಲ್ಲ ಕೇಳಿಸಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಟಾವೆಲ್ಲಿನ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ, ನನ್ನ ಖೋಲಿಯೊಂದನ್ನು ಬಿಟ್ಟು ಇಡೀ ಆಫೀಸಿನ ಫ್ಯೂಜುಗಳು.

"ಒಮ್ಮೆ ಬಂದ್ ಮಾಡಿ ಕೆಡಿಸೇನಿ. ಇನ್ನೊಮ್ಮೆ ಬಂದ್ ಮಾಡಿ ಉಳಸೂಣು" ಎಂದರು.

ಏಕಾದಶಿಯ ದಿನ ಆಫೀಸಿನವರೆಲ್ಲ ಬೇವಿನ ಗಿಡದ ಕೆಳಗೆ ಕೂತು ಚೂಡಾ ತಿಂದರು. "ಕರೆಂಟ್ ಇಲ್ಲರಿ ಸಾಹೇಬರ, ಕೆಲಸಾ ನಡದೇತಿ" ಎಂದು ಕಾಕಾ ಸಾಹೇಬರನ್ನೂ ಬಾಗಿಲಲ್ಲೇ ತಡೆದರು. ನಾನು ಒಂದೊಂದು ಖೋಲಿಗೆ ಹೋಗಿ ನೆಟ್‌ವರ್ಕ್ ವಾಯರು ಕಿತ್ತು ಕಿಟಕಿಯಿಂದ ಕೂಗಿದರೆ ಅವರು ಆ ಖೋಲಿಯದಷ್ಟೇ ಫ್ಯೂಜು ಹಾಕುತ್ತಿದ್ದರು. ಎರಡು ದಿನ ಹೀಗೇ ನಡೆಯಿತು. ಮೂವತ್ತೊಂಬತ್ತು ಜನರ ಪತ್ರಗಳು ಸಿಕ್ಕವು. ಸಿಗದೇ ಹೋದದ್ದು ನನ್ನವು ಮಾತ್ರ. ನಾನು ಸರ್ವರಿನಲ್ಲೇ ಕೂತು ಕೆಲಸ ಮಾಡುವವಳು, ನನ್ನ ಪ್ರತಿ ಎಲ್ಲೂ ಇರಲಿಲ್ಲ. ನಗು ಬರುತ್ತದೆ ಈಗ.

ಮೂರನೆಯ ದಿನ ಸಾಹೇಬರು ಇಬ್ಬರನ್ನೂ ಕರೆದರು. ಇದು ಯಾಕಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ನಾನರಿ. ಪೂಜಿ ದಿನಾ ಬಂದ್ ಮಾಡಿದ್ನಿ" ಎಂದರು. ಅದಕ್ಕೆ ಮೊದಲು ಯಂತ್ರದಲ್ಲಿ ಏನಾದರೂ ದೋಷ ಕಂಡಿತ್ತೇ, ಪುಸ್ತಕ ತನ್ನಿ ಎಂದರು ಸಾಹೇಬರು.

ಕಾಕಾ ನನ್ನ ಕಡೆ ನೋಡಲಿಲ್ಲ. "ಈ ತಿಂಗಳ ಪುಸ್ತಕ ಬರದಿಲ್ಲರಿ. ಬ್ಯಾಸರಾಗಿ ಬಿಟ್ನಿ."

ಮೂವತ್ತು ವರ್ಷ ಒಂದು ದಿನ ತಪ್ಪಿಸದವರು! ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಅದನ್ನು ಅಲ್ಲೇ ಒತ್ತಿ ಹಿಡಿದೆ. ಹಳದಿ ದೀಪದ ಮಾತನ್ನು ನಾನು ಎತ್ತಲಿಲ್ಲ. ಕೀಲಿಕೈ ಕೊಡಿ ಎಂದರು ಸಾಹೇಬರು. ಕಾಕಾ ಉಡದಾರದಿಂದ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟರು. ಗಂಟು ಬಿಗಿದು ಹೋಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ನಾನು ನೆಲ ನೋಡುತ್ತ ನಿಂತಿದ್ದೆ. ಅವತ್ತೇ ಸಂಜೆ ಪತ್ರಗಳನ್ನು ಉಳಿಸಿದ್ದಕ್ಕೆ ನನಗೆ ಶಾಲು ಹೊದಿಸಿದರು.

ನಿವೃತ್ತಿಗೆ ಉಳಿದಿದ್ದ ಒಂದು ವರ್ಷವನ್ನು ಕಾಕಾ ಗೋದಾಮಿನ ಗೇಟಿನಲ್ಲಿ ಕೂತು ಕಳೆದರು. ಮುಂದಿನ ಖಂಡೆ ಪೂಜೆಗೆ ಮೇನ್ ಇಳಿಸಿದವರು ಬೇರೆ ಯಾರೋ. ಕಾಕಾ ದೂರದಲ್ಲಿ ನಿಂತು, ಮಗ್ಗಗಳು ಒಂದೊಂದಾಗಿ ಸುಮ್ಮನಾಗುವುದನ್ನು ಕೇಳಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು "ಆರಾಮ ಅದಿಯೇನ ತಂಗೀ?" ಎಂದರು, ಎಂದಿನ ದನಿಯಲ್ಲೇ. ಆಮೇಲೆ ನಾನು ಜಮಖಂಡಿಯಲ್ಲೇ ಕಾಲೇಜು ನೌಕರಿ ಹಿಡಿದೆ. ರಬಕವಿ ಏನು ದೂರವೇ? ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತ ವರ್ಷಗಳು ಹೋದವು...

ಚಹಾ ಕೊಟ್ಟು, ಅವರ ಮಗನ ಎದುರಿಗೇ ಕೂತು ಪುಸ್ತಕ ಓದಿದೆ. ಆ ತಿಂಗಳ ಹಾಳೆಗಳೆಲ್ಲ ಇದ್ದವು. "ಟೇಪ್ ಡಬ್ಬಿ ದೀಪ ಹಳದಿ. ಕಂಪ್ಯೂಟರ್ ತಂಗಿಗೆ ಹೇಳಿದೆ." ಎರಡು ದಿನ ಬಿಟ್ಟು, "ಹಳದಿ ಹಾಗೇ ಇದೆ. ಮತ್ತೆ ಹೇಳಿದೆ." ಆಮೇಲೆ ದಿನಾ ಒಂದೇ ಸಾಲು, "ಹಳದಿ." ದಶಮಿಯ ದಿನದ ಪುಟದಲ್ಲಿ, "ಮೇಲ್ ಪೆಟ್ಟಿಗೆ ಕೆಟ್ಟಿತು. ತಂಗಿ ಬಹಳ ಅಂಜಿದ್ದಾಳೆ." ನನ್ನ ತೊಡೆಯ ಮೇಲೆ ಉದುರಿದ್ದ ಎಸಳಿನ ಕಲೆ ಇದ್ದದ್ದು ಆ ಪುಟದಲ್ಲಿ. ನಾನೇ ಕೊಟ್ಟಿದ್ದ ಎಸಳು.

ಅವರ ಮಗ ಬಟ್ಟಲು ಕೆಳಗಿಟ್ಟು ಕೇಳಿದರು. "ಅಪ್ಪಾರು ಕಂಪನಿ ಕಂಪ್ಯೂಟರ್ ಕೆಡಿಸಿದ್ರು, ಅದಕ್ಕ ಕೀಲಿ ಕಸಗೊಂಡ್ರು ಅಂತ ಊರಾಗೆಲ್ಲಾ ಆಡಿಕೊಂಡ್ರು. ನಮ್ಮ ಅವ್ವ ಇನ್ನೂ ಅದನ್ನ ಮನಸಿಗೆ ಹಚ್ಚಿಕೊಂಡಾಳ. ಇದರಾಗ ಬರದದ್ರ ಅರ್ಥ ಏನ್ರಿ?"

"ನಿಮ್ಮ ಅಪ್ಪಾರು ಕೆಡಿಸಲಿಲ್ಲರಿ" ಎಂದೆ. "ನಾ ಕೆಡಿಸಿದ್ದು. ಅವರು ಹೇಳಿದ್ರು, ನಾ ಕೇಳಲಿಲ್ಲ. ಆಮ್ಯಾಲ ನನ್ನ ಉಳಸಾಕ ಈ ಪುಸ್ತಕಾ ಮುಚ್ಚಿಟ್ರು. ನಾ ಬಾಯಿ ಬಿಡಲಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ಹಂಗಾರ ಇದು ನಮ್ಮನ್ಯಾಗ ಇರಲ್ರಿ" ಎಂದು ಎದ್ದರು. ನಾನು ಬಾಗಿಲವರೆಗೆ ಹೋದೆ. ಗೇಟಿನ ಬಳಿ ಅವರು ಫೋನ್ ಹಚ್ಚಿ, ಆ ಕಡೆ ಕಿವಿ ಮಂದವಿರಬೇಕು, ಜೋರಾಗಿ ಹೇಳುತ್ತಿದ್ದರು:

"ಯವ್ವಾ, ಕೇಳಾಕತ್ತೇತೇನ? ಅಪ್ಪ ಕೆಡಿಸಿಲ್ಲಂತ. ಇಲ್ಲ ಬೇ... ಕೆಡಿಸಿಲ್ಲಂತ."

ಬನ್ನಿಯ ಎಸಳು ನನ್ನ ಕೈಯಲ್ಲೇ ಉಳಿದಿತ್ತು. ಅವರನ್ನು ಕರೆದು ಕೊಡಬೇಕೆಂದುಕೊಂಡೆ, ಅವರ ಮಾತು ಮುಗಿಯಲೆಂದು ಬಾಗಿಲಲ್ಲೇ ಕಾದೆ.