ಕುಡಿಯದೆ ಬಿಟ್ಟ ಚಹಾ

ಮಲ ಡಾಂಬರಿನಂತೆ ಕಪ್ಪಗಿತ್ತು. ಇಂಥದ್ದನ್ನು ಯಾರಿಗೆ ಹೇಳುವುದು? ಬರಿಹೊಟ್ಟೆಗೆ ತಲೆನೋವಿನ ಗುಳಿಗೆ ನುಂಗಿ ಕೊಟ್ಟೂರಿನ ನಮ್ಮ ಶಾಲೆಗೆ ಹೋದೆ. ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಕರಿಹಲಗೆ ವಾಲಿದಂತಾಯಿತು.

ವಾಲಿದ್ದು ನಾನು.

ಮಧ್ಯಾಹ್ನದ ಹೊತ್ತಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿದ್ದೆ. ಎಂಡೋಸ್ಕೋಪಿ ಮಾಡಿದರು. ಅಲ್ಸರ್. ಒಳಗೇ ಬ್ಲೀಡಿಂಗ್. ದಿನಕ್ಕೆ ಎಷ್ಟು ಟೀ ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದರು. ನಾನು ಬೆರಳು ಮಡಚಿ ಎಣಿಸತೊಡಗಿದೆ. ಹೆಂಡತಿ ಶಾಂತಾ ಹೇಳಿದಳು:

“ಎಷ್ಟು ಮನಿ ಹೊಕ್ಕಿರ್ತಾರೋ ಅಷ್ಟು, ಸರ್.”

ಅದು ನಿಜ. ಕುರಿ ಕಾಯುವ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ. ಊರವರು ಅರ್ಜಿ ಬರೆಸಲು, ಕೂಡ್ಲಿಗಿಯ ತಾಲ್ಲೂಕು ಕಚೇರಿಗೆ ಕರೆದೊಯ್ಯಲು, ಹೆಣ್ಣು ನೋಡಲು, ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಹೋದಲ್ಲೆಲ್ಲ ಚಹಾ. ಬೇಡವೆಂದರೆ ನಾಲ್ಕಕ್ಷರ ಕಲಿತು ಸೊಕ್ಕು ಬಂತು ಎಂದಾರು ಎಂಬ ಅಂಜಿಕೆ. ಹಾಗಾಗಿ ಊಟ ತಪ್ಪುತ್ತಿತ್ತು, ಚಹಾ ತಪ್ಪುತ್ತಿರಲಿಲ್ಲ. ತಲೆ ಸಿಡಿದರೆ ಗುಳಿಗೆ.

ಚಹಾ, ಖಾರ, ನೋವಿನ ಗುಳಿಗೆ ಎಲ್ಲ ಬಂದ್. ಹೊತ್ತಿಗೆ ಸರಿಯಾಗಿ ಊಟ. ಇನ್ನೊಮ್ಮೆ ಬ್ಲೀಡಿಂಗ್ ಆದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದರು.

ಕೈಗೆ ರಕ್ತದ ಬಾಟಲಿ ಏರಿಸಿದ್ದರೂ ನನಗೆ ಚಿಂತೆ ಬೇರೆಯೇ. ದೊಡ್ಡಪ್ಪನಿಗೆ ಏನು ಹೇಳಲಿ?

ಹೊಲದ ಬದುವಿನ ಜಗಳದಿಂದ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತು ಹೋಗಿತ್ತು. ನಮ್ಮಲ್ಲಿ ಜಗಳ ಮುಗಿಯಿತು ಎನ್ನಬೇಕಾದರೆ ಆ ಮನೆಗೆ ಹೋಗಿ ಚಹಾ ಕುಡಿಯಬೇಕು. ಕುಡಿಯದೆ ಎದ್ದರೆ ಜಗಳ ಇನ್ನೂ ಇದೆ ಎಂದೇ ಅರ್ಥ. ಅಪ್ಪ ತೀರಿಕೊಂಡ ಮೇಲೆ ಆ ಚಹಾ ಕುಡಿದು ಜಗಳ ಮುಗಿಸಿದವನು ನಾನು.

ಆಸ್ಪತ್ರೆಯಿಂದ ಬಂದ ಸ್ವಲ್ಪ ದಿನಕ್ಕೇ ದೊಡ್ಡಪ್ಪ ಹೇಳಿ ಕಳಿಸಿದರು. ಅವರ ಮೊಮ್ಮಗಳನ್ನು ನೋಡಲು ತಂಬ್ರಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಶಾಂತಾಳೊಂದಿಗೆ ಕೊಟ್ಟೂರಿನಿಂದ ಬಸ್ಸು ಹತ್ತಿ ಊರಿಗೆ ಹೋದೆ. ಮಂಡಕ್ಕಿ, ಮಿರ್ಚಿ ಬಂತು. ಹಿಂದೆಯೇ ಚಹಾ. ಕೈ ತಾನಾಗಿ ಮುಂದೆ ಹೋಯಿತು.

ಹಿಂದಕ್ಕೆ ತೆಗೆದೆ.

“ಒಲ್ಲೆ ದೊಡ್ಡಪ್ಪ. ಡಾಕ್ಟರು ಬ್ಯಾಡ ಅಂದಾರ. ಮಜ್ಜಿಗಿ ಇದ್ರ ಕೊಡ್ರಿ.”

“ಊರವ್ರ ಚಾ ಎಲ್ಲಾ ದಕ್ಕಿತು. ನನ್ನ ಮನಿ ಚಾದಾಗ ರಕ್ತ ಬಂತೇನು?”

“ಎಲ್ಲಾರದೂ ಕೂಡಿ ಬಂದೈತ್ರಿ ಮಾವ,” ಅಂದಳು ಶಾಂತಾ.

ಬಂದವರಲ್ಲಿ ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ. ಮಜ್ಜಿಗೆಯೂ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೂರಲಾಗಲಿಲ್ಲ. ಇಳಿದು, ತಿರುಗಿ ಹೋಗಿ, ಒಂದೇ ಗುಟುಕು ಕುಡಿದು ಬಂದುಬಿಡಲೇ? ಒಂದು ಗುಟುಕಿಗೆ ಏನಾದೀತು? ಶಾಂತಾ ನನ್ನ ಮುಖ ನೋಡಿ ಅಂಗಿಯ ತೋಳು ಹಿಡಿದುಕೊಂಡಳು. ಕೊಟ್ಟೂರು ಬರುವವರೆಗೂ ಬಿಡಲಿಲ್ಲ.

ಆ ಸಂಬಂಧ ಕೂಡಿಬಂತು. ನನಗೆ ಮಾತ್ರ ಮದುವೆಯ ಕರೆ ಬರಲಿಲ್ಲ. ನಾಲ್ಕಾರು ದಿನ ಸಂಕಟಪಟ್ಟೆ. ಈಗಲೂ ಒಮ್ಮೊಮ್ಮೆ ಪಡುತ್ತೇನೆ. ಆದರೆ ಅವರ ಸಿಟ್ಟನ್ನು ಇಳಿಸಲು ನನ್ನಲ್ಲಿರುವುದು ಇದೊಂದೇ ಹೊಟ್ಟೆ, ಅದನ್ನು ಕೊಡಲಾರೆ. ಹೋದ ವಾರ ದಾವಣಗೆರೆಯಲ್ಲಿ ಮತ್ತೆ ನೋಡಿದರು. ಹುಣ್ಣು ಒಣಗುತ್ತಿದೆಯಂತೆ.

ಸಂತೆಯಲ್ಲಿ ದೊಡ್ಡಪ್ಪ ಎದುರಾದರೆ ನಮಸ್ಕಾರ ಮಾಡುತ್ತೇನೆ. ಅವರು ಮುಖ ತಿರುಗಿಸುತ್ತಾರೆ. ನಾನು ನಿಂತು ಕಾಯುವುದಿಲ್ಲ. ಊಟದ ಹೊತ್ತಾಗಿರುತ್ತದೆ.