ಫಟಫಟಿಯ ಕರಿ ಎಣ್ಣೆ ಇಳಿಸುವ ಬದ್ರೋದ್ದೀನ

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿಯ ಬಂಡಿಗಳು ಇನ್ನೂ ಬಂದಿಲ್ಲ. ಅಡತಿ ಅಂಗಡಿಯ ಮಗ್ಗುಲಿನ ತಗಡಿನ ಚಪ್ಪರದಡಿ ಬದ್ರೋದ್ದೀನ ಆಗಲೇ ಒಂದು ಫಟಫಟಿಗೆ, ಅಂದರೆ ಮೋಟಾರ್ ಸೈಕಲ್ಲಿಗೆ, ಕಿಕ್ ಹೊಡೆದಿದ್ದಾರೆ. ಎಲ್ಲಿಗೂ ಹೋಗಲಿಕ್ಕಲ್ಲ. ತುಸು ಹೊತ್ತು ಓಡಿಸಿ ಎಂಜಿನ್ ಆರಿಸುತ್ತಾರೆ.

"ಎಣ್ಣಿ ಬೆಚ್ಚಗಾದ್ರ ಕೆಳಗಿನ ಹೊಲಸೆಲ್ಲಾ ಕೂಡೇ ಬರ್ತದರಿ," ಎನ್ನುತ್ತ ಎಡಗಡೆ ಕುಕ್ಕರಿಸುತ್ತಾರೆ. ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ಓಡುವ ಸರಪಳಿಗೊಂದು ಪೆಟ್ಟಿಗೆಯಿದೆ. ಅದರ ತಳದ ಬೋಲ್ಟು ಬಿಚ್ಚುತ್ತಲೇ ಕರಿ ಎಣ್ಣೆ ಬೋಗುಣಿಗಿಳಿಯುತ್ತದೆ.

ಆ ಬೋಲ್ಟು ಅವರೇ ಕೂಡಿಸಿದ್ದು. ಮಿಲಿಟರಿ ಹರಾಜಿನಲ್ಲಿ ಬಂದ ಇಂಥ ಗಾಡಿಗಳಲ್ಲಿ ಈ ಎಣ್ಣೆ ಇಳಿಸಲು ದಾರಿಯೇ ಇಲ್ಲ; ಮುಚ್ಚಳ ಪೂರಾ ತೆಗೆಯಬೇಕು. ತಿರುಗಿ ಕೂಡಿಸುವಾಗ ಅಂಚು ಚೂರು ಸೊಟ್ಟಾದರೂ ಸೋರುತ್ತದೆ. ಹಾಗಾಗಿ ಯಾರೂ ಆ ಗೋಜಿಗೆ ಹೋಗುವುದಿಲ್ಲ, ಹಳೆ ಎಣ್ಣೆಯಲ್ಲೇ ಸರಪಳಿ ಸವೆಯುತ್ತದೆ. ಬದ್ರೋದ್ದೀನ ತಳಕ್ಕೆ ದಪ್ಪ ಕಬ್ಬಿಣದ ಬಿಲ್ಲೆ ಬೆಸೆದು, ತೂತು ಕೊರೆದು, ಒಳಗೆ ತಿರುಪಿನ ಥ್ರೆಡ್ ಹಾಕಿ, ತಾಮ್ರದ ವಾಷರಿನೊಂದಿಗೆ ಬೋಲ್ಟು ಬಿಗಿಯುತ್ತಾರೆ. ಕಲಿಸಿದವರು ಅಣ್ಣ ಖಾಸಿಂ ಅಲಿ.

ಅಣ್ಣತಮ್ಮಂದಿರ ರಿಪೇರಿ ದುಕಾನು ಭಾಲ್ಕಿ ಪೇಟೆಯಲ್ಲಿತ್ತು. ಭಾರತದ ಸೇನೆ ಈ ಸೀಮೆಗೆ ಬಂದ ಪೊಲೀಸ್ ಆ್ಯಕ್ಷನ್ನಿನ ದಿನಗಳಲ್ಲಿ, ಮುಸಲ್ಮಾನರ ಮೇಲೆ ಎದ್ದ ಗಲಾಟೆಯಲ್ಲಿ ಅದು ಸುಟ್ಟುಹೋಯಿತು. ಖಾಸಿಂ ಅಲಿ ಉಳಿಯಲಿಲ್ಲ. ಜೀವ ಹಿಡಿದುಕೊಂಡು ಓಡಿದ ಬದ್ರೋದ್ದೀನರನ್ನೂ ಅವರ ಹೆಂಡತಿ ಜೈನಬಿಯನ್ನೂ ಮೆಹಕರದ ಕುರಿಗಾರ ಧೊಂಡಿಬಾ ತಮ್ಮ ಕುರಿದೊಡ್ಡಿಯಲ್ಲಿ ಬಚ್ಚಿಟ್ಟರು. ಹುಡುಕಿ ಬಂದವರೆದುರು ಬಾಗಿಲಿಗೆ ಅಡ್ಡ ಕೂತು, "ಒಳಗ ನನ್ನ ಮಂದಿ ಅದಾರ. ಮೊದಲ ನನ್ನ ದಾಟ್ರಿ," ಅಂದರಂತೆ.

ಗಲಾಟೆ ತಣ್ಣಗಾದ ಮೇಲೆ ಗಂಡಹೆಂಡತಿ ಬೀದರಿಗೆ ಬಂದರು. ಅಡತಿ ವ್ಯಾಪಾರಿ ಪಂಢರಿ ಚಪ್ಪರಕ್ಕೆ ಜಾಗ ಕೊಟ್ಟರು. ಔರಾದದ ಕಡೆ ಎಕಂಬಾದವರೆಗೂ ಬದ್ರೋದ್ದೀನ ರಿಪೇರಿಗೆ ಹೋಗುತ್ತಿದ್ದರು. ಭಾಲ್ಕಿಯ ದಾರಿ ಮಾತ್ರ ಹಿಡಿಯಲಿಲ್ಲ.

ಹೋದ ಮಳೆಗಾಲದಲ್ಲಿ ಮೆಹಕರದ ಸುತ್ತ ಕಾಲರಾ ಕಾಣಿಸಿಕೊಂಡಿತು. ಸೂಜಿ ಹಾಕಲು ಹೊರಟ ಕಂಪೌಂಡರ್ ಏಕನಾಥರ ಫಟಫಟಿಯ ಸರಪಳಿ ಪೆಟ್ಟಿಗೆಗೆ ಭಾಲ್ಕಿಯ ಹತ್ತಿರ ಕಲ್ಲು ಬಡಿದು ತಳ ತೂತಾಯಿತು. ಅವರು ಗಾಡಿ ಅಲ್ಲೇ ಬಿಟ್ಟು ಲಾರಿ ಹತ್ತಿ ಬೀದರಿಗೆ ಓಡಿ ಬಂದರು. "ಎಣ್ಣಿ ಎಲ್ಲಾ ಸೋರಿ ಹೋಗ್ಯಾದರಿ. ಮೆಹಕರದಾಗ ಮಂದಿ ಹಾದಿ ಕಾಯ್ಲಿಕತ್ತಾರ."

"ಭಾಲ್ಕಿ ಅಂದ ಕೂಡ್ಲೆ ಕೈಯಾಗಿನ ಸಾಮಾನು ಕೆಳಗಿಟ್ಟೆರಿ," ಬದ್ರೋದ್ದೀನ ನೆನೆಯುತ್ತಾರೆ. "ಹೋಗಬ್ಯಾಡ್ರಿ ಅಂತ ಜೈನಬಿ ಕೈ ಹಿಡಿದಳು. ಬ್ಯಾನಿ ಬಂದಿದ್ದು ಧೊಂಡಿಬಾನ ಊರಿಗೆ ಅಂತ ಹೇಳಿದೆ. ಕೈ ಬಿಟ್ಟಳು."

ಬೆಸೆಯಲು ಬೆಂಕಿ ಬೇಕು. ಭಾಲ್ಕಿಯಲ್ಲಿ ಕಮ್ಮಾರ ಮಡೆಪ್ಪನವರ ಕುಲುಮೆ ಸುಟ್ಟ ದುಕಾನಿನ ಎದುರಿಗೇ ಇದೆ. ಬದ್ರೋದ್ದೀನ ಆ ಕಡೆ ಬೆನ್ನು ಹಾಕಿ ಕೂತರು. ಮಡೆಪ್ಪ ತಿದಿ ಒತ್ತಿದರು. ಬಿಲ್ಲೆ ಕೂತ ಮೇಲೆ ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದು ಮುಂದಿಟ್ಟರು. ಖಾಸಿಂ ಅಲಿಯ ಥ್ರೆಡ್ ಕೊರೆಯುವ ಸಾಮಾನು.

"ನಿಮ್ಮಣ್ಣಂದು. ಬೂದ್ಯಾಗ ಸಿಕ್ತು. ಉರಿಗೆ ಮೆತ್ತಗಾಗಿತ್ತು, ತಿರುಗಿ ಕಾಸಿ, ನೀರು ಕುಡಿಸಿ ಹದ ಮಾಡೀನಿ. ನೀ ಬರ್ತಿ ಅಂತ ಎಣ್ಣಿ ಹಚ್ಚಿ ಇಟ್ಟೀನಿ."

"ಅಲ್ಲೇ ಕೂತು ಅತ್ತೆರಿ. ಮಡೆಪ್ಪನೂ ಅತ್ತ," ಎನ್ನುತ್ತಾರೆ ಬದ್ರೋದ್ದೀನ. ಅತ್ತು, ಕಣ್ಣೊರೆಸಿಕೊಂಡು, ಆ ಸಾಮಾನಿನಿಂದಲೇ ಥ್ರೆಡ್ ಹಾಕಿದರು. ಬೋಲ್ಟು ಬಿಗಿದು ಹೊಸ ಎಣ್ಣೆ ಹೊಯ್ದರು. ಒಂದು ಹನಿಯೂ ಸೋರಲಿಲ್ಲ. ಎಣ್ಣೆಯ ಡಬ್ಬಿ ಹಿಡಿದು ಏಕನಾಥರ ಹಿಂದೆ ತಾವೂ ಹತ್ತಿ ಕೂತರು.

ಮೆಹಕರದಲ್ಲಿ ಧೊಂಡಿಬಾ ಊರವರನ್ನೆಲ್ಲ ಮುಂದೆ ಕಳಿಸಿ ತಾವು ಸಾಲಿನ ಕೊನೆಗೆ ನಿಂತಿದ್ದರು. ದೊಡ್ಡ ಮನಸ್ಸಿನಿಂದಲ್ಲ, ಸೂಜಿಯ ಭಯಕ್ಕೆ. "ಬದ್ರೂ, ಇಲ್ಲೇ ನಿಂದ್ರಪಾ," ಎಂದು ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ತೋಳು ಚಾಚಿದರು. ಊರಿನಲ್ಲಿ ಬೇನೆ ಹಬ್ಬಲಿಲ್ಲ.

ಈಗ ಪ್ರತಿ ಸಂತೆಗೂ ಬದ್ರೋದ್ದೀನ ಭಾಲ್ಕಿಗೆ ಹೋಗಿ ಕುಲುಮೆಯ ಕಟ್ಟೆಯ ಮೇಲೆ ಕೂಡುತ್ತಾರೆ. ಸುತ್ತಲಿನ ಗಾಡಿಗಳು ಅಲ್ಲಿಗೇ ಬರುತ್ತವೆ. ಮುಂದೇನು ಎಂದು ಕೇಳಿದರೆ ಬೋಲ್ಟು ಒರೆಸುತ್ತ ನಾಚುತ್ತಾರೆ.

"ಅಲ್ಲೇ ಮತ್ತ ದುಕಾನ ಹಾಕಬೇಕಂತ ಮನಸದರಿ. ಜೈನಬಿ ಅಂಜತಾಳ. ಒಮ್ಮಿ ಬಂದು ನೋಡು, ಸೇರದಿದ್ರ ಬಿಡೋಣು ಅಂದೀನಿ. ಮುಂದಿನ ಸಂತಿಗೆ ಬರ್ತೇನಿ ಅಂದಾಳ."