ಗಡ್ಡದ ಬ್ರಷ್ಷಿನ ಮಿಸ್ತ್ರಿ

ಸಂಜೆ ನಾಲ್ಕೂ ಹತ್ತಕ್ಕೆ, ಮುಧೋಳದ ಸೇತುವೆಯ ಮೇಲೆ, ನನ್ನ ಹಳೆಯ ಟೂರಿಂಗ್ ಬೈಕಿನ ಹಿಂಭಾಗ ಧಪ್ಪನೆ ಕುಸಿಯಿತು. ಬೈಕು ಓಲಾಡಿ, ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ಗೇಣು ದೂರದಲ್ಲಿ ನಿಂತಿತು. ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಮೈಮೇಲೆ ಕಬ್ಬೇ ಬರುತ್ತಿತ್ತು; ನಿದ್ದೆಯೇ ಇಲ್ಲ.

ಬೈಕನ್ನು ಟೆಂಪೋದಲ್ಲಿ ಹೇರಿ ಲೋಕಾಪುರದ ಮಿಸ್ತ್ರಿಯವರಲ್ಲಿಗೆ ಒಯ್ದೆ. ಗಾಳಿಯ ಮೇಲೆ ನಿಲ್ಲುವ ಹಿಂದಿನ ಶಾಕ್ ಅಬ್ಸಾರ್ಬರಿಗೆ ಅವರು, ಗಾಳಿ ಸೋರುವ ಜಾಗ ಹುಡುಕಲು, ತಮ್ಮ ಗಡ್ಡದ ಬ್ರಷ್ಷಿನಿಂದಲೇ ಸೋಪಿನ ನೊರೆ ಹಚ್ಚಿದರು, ಮದುಮಗನ ಕೆನ್ನೆಗೆ ಹಚ್ಚುವಂತೆ. "ಗಾಳಿ ಎಲ್ಲಿ ಹೋಗತೈತ್ರಿ, ಸಿಕ್ಕೇ ಸಿಗತೈತಿ," ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಗುಳ್ಳೆ ಎದ್ದಲ್ಲಿ ರಬ್ಬರ್ ರಿಂಗ್ ಬದಲಿಸಿದರು.

ಆದರೂ ಆ ಸೇತುವೆ ದಾಟಲು ನನಗೆ ಧೈರ್ಯವಾಗಲಿಲ್ಲ.

"ಗಾಡಿ ಛಲೋ ಐತ್ರಿ ಸರ, ಹೆದರಾಕತ್ತಿದ್ದು ನೀವು. ನಡೀರಿ, ನಾನೂ ಬರ್ತೇನಿ," ಎಂದು ಮಿಸ್ತ್ರಿಯವರು ಹಿಂದೆ ಕುಳಿತರು.

ಸೇತುವೆಯ ನಟ್ಟನಡುವೆ ಅವರ ತಲೆ ನನ್ನ ಬೆನ್ನಿಗೆ ಒರಗಿತು. ಗೊರಕೆ ಕೇಳಿಸಿತು.

ಅಂದು ರಾತ್ರಿ ನಾನೂ ಬೆಳಗಿನವರೆಗೆ ನಿದ್ದೆ ಮಾಡಿದೆ.